ಬಟ್ಟೆ ಒಗೆಯುವ ಕೋಣೆಯ ಕೆಮ್ಮು

“ನಮಗೊಂದು ದೆವ್ವ ಬೇಕು,” ಅಂದರು ಮ್ಯಾನೇಜರ್, ಆಫೀಸಿಗೆ ಇನ್ನೊಂದು ಕುರ್ಚಿ ಬೇಕು ಅನ್ನುವ ಧಾಟಿಯಲ್ಲಿ. “ಬೇರೆ ಮ್ಯೂಸಿಯಂಗಳವರೆಲ್ಲ ಇಟ್ಕೊಂಡಿದ್ದಾರೆ. ಜನ ಅದಕ್ಕೇ ಬರ್ತಾರೆ. ಇಷ್ಟು ವರ್ಷದಿಂದ ಇಲ್ಲೇ ಇದ್ದೀರಿ, ಒಂದಾದರೂ ನಿಮಗೆ ಗೊತ್ತಿರಲೇಬೇಕಲ್ಲ?”

ಗೈಡಣ್ಣನ ಎದೆ ಧಸಕ್ಕೆಂದಿತು. ಆ ಹಳೆಯ ಆಸ್ಪತ್ರೆ ಮ್ಯೂಸಿಯಂ ಆದಾಗಿನಿಂದ ಬಂದವರಿಗೆ ಕಟ್ಟಡ ತೋರಿಸುವುದು ಅವನ ಕೆಲಸ. ಕಸ ಗುಡಿಸುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವನು ಗೈಡಣ್ಣ. ಮನೆಯಲ್ಲಿ ಹೆಂಡತಿಗೆ ಮಾತ್ರ ಪುಕ್ಕಲ. ದಿನವಿಡೀ ಸತ್ತವರ ಸುದ್ದಿ ಹೇಳಿ ಬರುವ ಗಂಡಸು, ಕತ್ತಲಾದ ಮೇಲೆ ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತರಲು ಮಗಳನ್ನು ಜೊತೆಗೆ ಕರೆಯುತ್ತಿದ್ದ.

ಅವನನ್ನು ಸಾಕಿದ್ದು ಅಜ್ಜಿ. ಅಜ್ಜಿಗೆ ಸತ್ತವರೆಂದರೆ ದೂರದಿಂದ ಬಂದುಹೋಗುವ ನೆಂಟರು. “ನಿಮ್ಮ ತಾತ ಬಂದಿದ್ರು ಕಣೋ, ಕಾಲು ಎಷ್ಟು ತಣ್ಣಗಿತ್ತು ಪಾಪ,” ಎಂದು ಸೊಪ್ಪು ಬಿಡಿಸುತ್ತಾ ಹೇಳುತ್ತಿದ್ದಳು. ಮೂಲೆಯಲ್ಲಿ ಕೂತ ಮೊಮ್ಮಗನಿಗೆ ಮೈಯೆಲ್ಲ ಮುಳ್ಳು. ಅಪ್ಪನದು ಬೇರೆಯೇ ದಾರಿ. “ಬುಡ್ಡಿದೀಪ ಹೋಗಿ ಬಲ್ಬು ಬಂತು, ದೆವ್ವಾನೂ ಅದರ ಹಿಂದೇನೇ ಹೋಯ್ತು,” ಎಂದು ನಗುತ್ತಿದ್ದ. ಈಗ ಮಗಳು ಕಂಬಳಿ ಹೊದ್ದು, ಬಿಸ್ಕತ್ತಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಮೊಬೈಲಿನಲ್ಲಿ ದೆವ್ವದ ಸಿನಿಮಾ ನೋಡುತ್ತಾಳೆ. ಸಾಕಷ್ಟು ಹೆದರಿಕೆಯಾಗದಿದ್ದರೆ ಟೈಮ್ ವೇಸ್ಟು ಎಂದು ಗೊಣಗುತ್ತಾಳೆ. ಇವನಿಗೆ ಅಜ್ಜಿಯ ಅಕ್ಕರೆಯೂ ಬರಲಿಲ್ಲ, ಅಪ್ಪನ ಧೈರ್ಯವೂ ಬರಲಿಲ್ಲ. ನಡುವಿನ ಹೆದರಿಕೆಯೊಂದೇ ಪಾಲಿಗೆ ಬಂತು.

ಅವನಿಗೆ ಇಷ್ಟವಾದ ಜಾಗ ಹಳೆಯ ವಾರ್ಡಿನ ಗೋಡೆಯಲ್ಲಿದ್ದ ಒಂದು ಕಿಂಡಿ. ಜನರನ್ನು ಅದರ ಕೆಳಗೆ ನಿಲ್ಲಿಸಿ ಹೇಳುತ್ತಿದ್ದ: “ಮುನ್ನೂರು ವರ್ಷದ ಹಿಂದೆ ಕಟ್ಟಿದವರು ಇದನ್ನ ಬೇಕಂತಲೇ ಬಿಟ್ರು. ಹೋದವರ ಜೀವ ಹೊರಗೆ ಹೋಗಲಿ, ಮನಸ್ಸಾದ್ರೆ ತಿರುಗಿ ಬಂದು ತಮ್ಮವರನ್ನ ನೋಡಲಿ ಅಂತ. ನೂರು ವರ್ಷ ಕಳೆಯೋದ್ರಲ್ಲಿ ಜನಕ್ಕೆ ಸತ್ತವರು ಬರ್ತಾರೆ ಅಂದ್ರೇನೇ ನಡುಕ. ಇಟ್ಟಿಗೆ ಹಾಕಿ ಮುಚ್ಚಿಬಿಟ್ರು. ಆಮೇಲೆ ಬಂದ ಡಾಕ್ಟರೊಬ್ರು, ದೆವ್ವ ಗಿವ್ವ ಏನೂ ಇಲ್ಲ, ರೋಗಿಗಳಿಗೆ ಗಾಳಿ ಬೇಕು ಅಂತ ಒಡೆಸಿದ್ರು. ಈಗ ನೋಡಿ, ಕ್ಯಾಮೆರಾ ಕೂತಿದೆ.” ಜನ ಹೂಂ ಹೂಂ ಎನ್ನುತ್ತಾ ಮೊಬೈಲ್ ನೋಡಿಕೊಳ್ಳುತ್ತಿದ್ದರು. ಮ್ಯಾನೇಜರ್ ಹೇಳಿದ್ದು ಸುಳ್ಳಲ್ಲ, ಇದಕ್ಕಾಗಿ ಯಾರೂ ಬರುತ್ತಿರಲಿಲ್ಲ. ಅವನ ಕೆಲಸವೋ ವರ್ಷ ವರ್ಷ ಮುಂದುವರಿಸುವ ಕಾಂಟ್ರಾಕ್ಟಿನದು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವನು ದೆವ್ವವನ್ನು ಕಟ್ಟಿದ. ನೆಲಮಾಳಿಗೆಯಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ಕೋಣೆಯಿತ್ತು. ಕಲ್ಲಿನ ತೊಟ್ಟಿಗಳು, ತುಕ್ಕು ಹಿಡಿದ ಬಾಯ್ಲರು, ಬೇಸಿಗೆಯಲ್ಲೂ ಬೆವರುವ ಗೋಡೆ. ಅಲ್ಲಿ ಕುದಿನೀರು ಬಿದ್ದು ಸತ್ತ ಒಬ್ಬ ಹೆಂಗಸು. ಎಡಗಾಲು ಎಳೆದು ನಡೆಯುತ್ತಾಳೆ, ಬರುವ ಮುಂಚೆ ಕೆಮ್ಮುತ್ತಾಳೆ. ಕುಂಟು ಅವನ ಸೋದರತ್ತೆಯದು, ಕೆಮ್ಮು ಬಸ್ಸಿನ ಪಕ್ಕದ ಸೀಟಿನವನದು.

ಕತೆ ಹತ್ತಿಕೊಂಡಿತು. ಜನ ಗುಂಪುಗುಂಪಾಗಿ ಬಂದರು. ಆಮೇಲೆ ಒಂದು ದಿನ ಗುಡಿಸುವ ಅಕ್ಕ ಆ ಕೋಣೆಗೆ ಒಬ್ಬಳೇ ಹೋಗುವುದಿಲ್ಲ ಎಂದು ಕೂತುಬಿಟ್ಟಳು.

“ಅಕ್ಕಾ, ಅದು ನಾನೇ ಕಟ್ಟಿದ ಕತೆ!”

“ಕತೆ ನಿಮ್ಮದೇ ಇರಬಹುದಪ್ಪ. ನಿನ್ನೆ ನನ್ನ ಬಕೆಟ್ ಸರಿಸಿದ್ದು ಯಾರು?”

ಅವನು ನಕ್ಕ. ನಕ್ಕರೂ, ಮರುದಿನ ಆ ಕೋಣೆಯಲ್ಲಿ ಬಾಯ್ಲರಿಗೆ ಬೆನ್ನು ಹಾಕಿ ನಿಲ್ಲಲು ಆಗಲಿಲ್ಲ. ಗೋಡೆಗೆ ಅಂಟಿಕೊಂಡು ಕತೆ ಹೇಳಿದ. ತಾನೇ ಹುಟ್ಟಿಸಿದ್ದು ತನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಛೆ, ಎಂಥ ಹುಚ್ಚು ಎಂದುಕೊಂಡರೂ ಬಾಯ್ಲರಿನ ಮೇಲಿಂದ ಕಣ್ಣು ಕೀಳಲಿಲ್ಲ.

ಆ ದಿನಗಳಲ್ಲೇ ಟೈಲರಮ್ಮ ಬರತೊಡಗಿದ್ದು. ಐವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಒಂದು ಸಲ ಬಂದಳು, ಮರುವಾರ ಮತ್ತೆ ಬಂದಳು. ಮೂರನೆಯ ಸಲ ಗುಂಪು ಮೇಲಕ್ಕೆ ಹೋದ ಮೇಲೂ ತೊಟ್ಟಿಯ ಅಂಚಿನ ಮೇಲೆ ಕೂತೇ ಇದ್ದಳು.

“ಬಾಗಿಲು ಹಾಕಬೇಕಮ್ಮಾ,” ಅಂದ ಗೈಡಣ್ಣ ಹೊಸ್ತಿಲಾಚೆಯಿಂದಲೇ.

“ಅವಳಿಗೆ ಎಡಗಾಲೇ ಅಂತ ನಿಮಗೆ ಯಾರು ಹೇಳಿದ್ದು?”

ಅವನು ಬಾಗಿಲ ಚಿಲಕ ಹಿಡಿದುಕೊಂಡ.

“ನಮ್ಮಮ್ಮ ಇಲ್ಲೇ ಬಟ್ಟೆ ಒಗೀತಿದ್ಲು. ಎಡಗಾಲು ಎಳೀತಿದ್ಲು. ಎದೆ ರೋಗ ಬಂದು ಮೇಲಿನ ವಾರ್ಡಲ್ಲೇ ಹೋದ್ಲು, ಕುದಿನೀರು ಬಿದ್ದಲ್ಲ. ನಾನಿನ್ನೂ ಚಿಕ್ಕೋಳು, ಅಂಟುರೋಗ ಅಂತ ಒಳಗೆ ಬಿಡಲಿಲ್ಲ. ಮುಖ ನೋಡಲಿಲ್ಲ ನಾನು.”

“ಅಮ್ಮಾ, ಅದು ಸುಳ್ಳು. ಬಸ್ಸಲ್ಲಿ ಕೂತು ನಾನೇ ಕಟ್ಟಿದ್ದು. ನನ್ನಾಣೆ.”

ಟೈಲರಮ್ಮ ಅವನನ್ನೇ ದಿಟ್ಟಿಸಿದಳು. “ನೀವು ಕಟ್ಟಿದೆ ಅಂದ್ಕೊಂಡಿದ್ದೀರಿ. ನಿಮ್ಮ ಬಾಯಿಗೆ ಅದನ್ನ ತಂದಿಟ್ಟವರು ಯಾರು?”

ಆ ಮಾತು ಅವನ ಬೆನ್ನು ಬಿಡಲಿಲ್ಲ. ಊಟ ರುಚಿಸಲಿಲ್ಲ. ಸೋದರತ್ತೆಯ ಕುಂಟು ಎಡಗಾಲಿನದೋ ಬಲಗಾಲಿನದೋ ಎಂದು ನೆನಪಿಸಿಕೊಳ್ಳಲು ಹೋದರೆ ಎರಡೂ ಸರಿಯೆನಿಸುತ್ತಿತ್ತು. “ಏನ್ರೀ, ಮುಖ ಹಿಂಗೆ ಬಿಳಿಚಿಕೊಂಡಿದೆ?” ಎಂದು ಹೆಂಡತಿ ಕೇಳಿದಳು. ಈ ಸಲ ಪುಕ್ಕಲ ಅನ್ನಲಿಲ್ಲ. ಅದರಿಂದ ಅವನಿಗೆ ಇನ್ನಷ್ಟು ದಿಗಿಲಾಯಿತು.

ಮುಂದಿನ ವಾರ ಕೋಣೆ ತುಂಬ ಜನ. ಹಿಂದೆ ಟೈಲರಮ್ಮ. ಅವಳ ಕಡೆ ನೋಡದೆ, ಆದಷ್ಟು ಚುಟುಕಾಗಿ ಕತೆ ಮುಗಿಸಿಬಿಡೋಣವೆಂದು ಅವನು ಅವಸರ ಮಾಡುತ್ತಿದ್ದ. ಆಗ ಬಾಯ್ಲರಿನ ಹಿಂದೆ ಯಾರೋ ಕೆಮ್ಮಿದರು.

ಕಫ ಕಟ್ಟಿದ, ಸೋತ ಕೆಮ್ಮು. ಜನ ಕಿಟಾರನೆ ಕಿರುಚಿ, ಒಬ್ಬರ ಮೇಲೊಬ್ಬರು ಬಿದ್ದು, ಆಮೇಲೆ ನಗುತ್ತಾ ಮೆಟ್ಟಿಲ ಕಡೆ ಓಡಿದರು. ಗೈಡಣ್ಣನ ಕಾಲು ಮಾತ್ರ ನೆಲದಲ್ಲಿ ಹೂತುಹೋದಂತಾಗಿತ್ತು. ಮತ್ತೆ ಕೆಮ್ಮು. ಟೈಲರಮ್ಮ ಎರಡೂ ಕೈ ಮುಂದೆ ಚಾಚಿ, ಕತ್ತಲಲ್ಲಿ ತಡಕುವವಳ ಹಾಗೆ ಬಾಯ್ಲರಿನತ್ತ ನಡೆಯುತ್ತಿದ್ದಳು.

“ಅಮ್ಮಾ? ಅಮ್ಮಾ, ನಾನು ಕಣೇ.”

ಓಡಿಬಿಡಬೇಕು ಅನ್ನಿಸಿತು ಅವನಿಗೆ. ಆದರೆ ಆ ದನಿ ಐವತ್ತರ ಹೆಂಗಸಿನದಾಗಿರಲಿಲ್ಲ, ಬಾಗಿಲ ಹೊರಗೆ ನಿಲ್ಲಿಸಿದ ಮಗುವಿನದಾಗಿತ್ತು. ಹೇಗೆ ಹೆಜ್ಜೆ ಕಿತ್ತನೋ ಅವನಿಗೇ ತಿಳಿಯದು. ಅವಳನ್ನು ದಾಟಿ ಹೋಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯ್ಲರಿನ ಹಿಂದಿನ ಸಂದಿಗೆ ತೋಳು ತೂರಿಸಿದ. ಬೆರಳಿಗೆ ಏನೋ ತಣ್ಣಗೆ ತಗುಲಿತು. ಎಳೆದ. ಅಂಗೈಯಗಲದ ಸ್ಪೀಕರು. ಅವನ ಕೈಯಲ್ಲೇ ಇನ್ನೊಂದು ಸಲ ಕೆಮ್ಮಿತು.

“ಮ್ಯಾನೇಜರ್ ಇಡಿಸಿರಬೇಕಮ್ಮಾ. ನನಗೆ ಹೇಳಿಲ್ಲ,” ಎಂದ.

ಟೈಲರಮ್ಮ ಅದನ್ನು ಇಸಿದುಕೊಂಡು ಕಿವಿಗೆ ಹಿಡಿದಳು. ಮತ್ತೊಂದು ಕೆಮ್ಮು ಬರುವವರೆಗೂ ಕಾದಳು. “ಗಂಡಸಿನದು,” ಎಂದಳು. ಮುಖ ಕುಸಿದುಹೋಯಿತು.

ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ. ಈಗ ಬೈಯುತ್ತಾಳೆ, ಕಂಪ್ಲೇಂಟು ಕೊಡುತ್ತಾಳೆ ಎಂದು ಅವನು ಕಾದ. ಅವಳ ಭುಜ ಕುಲುಕತೊಡಗಿತು. ಅಳು ಎಂದುಕೊಂಡ. ಆದರೆ ಅವಳು ನಗುತ್ತಿದ್ದಳು.

“ನಮ್ಮಮ್ಮನಿಗೆ ದೆವ್ವ ಅಂದ್ರೆ ಪ್ರಾಣಭಯ ಕಣಣ್ಣ. ಆ ಕೋಣೆಗೆ ಒಬ್ಬಳೇ ಇಳೀತಿರಲಿಲ್ಲವಂತೆ. ಅವಳನ್ನೇ ಹಿಡಿದು ದೆವ್ವ ಮಾಡಿಟ್ರಲ್ಲ! ಅಲ್ಲಿದ್ದಿದ್ರೆ ಅವಳೇ ಮೊದಲು ಓಡಿಹೋಗ್ತಿದ್ಲು.”

ಗೈಡಣ್ಣನಿಗೂ ನಗು ಬಂತು. ನಗುತ್ತಾ ನಗುತ್ತಾ ಕಣ್ಣು ಒದ್ದೆಯಾಯಿತು. ಅದೇ ಬಿಸಿಯಲ್ಲಿ ಎದ್ದು ಹೋಗಿ ಸ್ಪೀಕರನ್ನು ಮ್ಯಾನೇಜರ ಮೇಜಿನ ಮೇಲಿಟ್ಟ. “ನಾನಿನ್ನು ಆ ಕತೆ ಹೇಳಲ್ಲ ಸಾರ್,” ಎಂದ. ಮೇಲಿನವರಿಗೆ ಅವನು ಎದುರಾಡಿದ್ದು ಅದೇ ಮೊದಲು. ದನಿ ಕೀಚಲಾಗಿ ಬಂತು.

“ಕತೆ ಈಗ ನಿಮ್ಮೊಬ್ಬರದಲ್ಲ,” ಎಂದರು ಮ್ಯಾನೇಜರ್ ತಣ್ಣಗೆ. “ಹೇಳೋರು ಬೇರೆ ಸಿಗ್ತಾರೆ. ನೀವು ಟಿಕೆಟ್ ಕಿಟಕಿಗೆ ಹೋಗಿ.”

ಈಗ ಹೊಸ ಹುಡುಗಿಯೊಬ್ಬಳು ಗೈಡು. ಸ್ಪೀಕರು ತಿರುಗಿ ತನ್ನ ಸಂದಿ ಸೇರಿದೆ. ಹೆಂಗಸಿನ ಕೆಮ್ಮು ಹಾಕಿಸಿದ್ದಾರಂತೆ. ನೆಲಮಾಳಿಗೆಯಿಂದ ಕಿರುಚಾಟ ಬಂದಾಗಲೆಲ್ಲ ಕಿಟಕಿಯೊಳಗೆ ಗೈಡಣ್ಣ ಚಿಲ್ಲರೆಯ ಲೆಕ್ಕ ತಪ್ಪುತ್ತಾನೆ. ಕತೆ ದಿನಕ್ಕೊಂದು ಬಣ್ಣ ಕಟ್ಟುತ್ತಿದೆ, ಅದನ್ನು ತಡೆಯುವುದು ಅವನ ಕೈಯಲ್ಲಿಲ್ಲ. ಟೈಲರಮ್ಮ ಈಗ ಒಳಗೆ ಹೋಗುವುದಿಲ್ಲ. ಆಗಾಗ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಅಮ್ಮ ಸೋಪಿನ ಚೂರುಗಳನ್ನೆಲ್ಲ ಅಂಟಿಸಿ ಉಂಡೆ ಮಾಡುತ್ತಿದ್ದದ್ದು, ಸುಮ್ಮಸುಮ್ಮನೆ ನೆರೆಯವರ ಮೇಲೆ ಸಿಡುಕುತ್ತಿದ್ದದ್ದು, ಹೀಗೆ ಏನಾದರೊಂದು ಹೇಳಿ ಹೋಗುತ್ತಾಳೆ.

ಮೊನ್ನೆಯೂ ಬಂದಿದ್ದಳು.

“ಏನಣ್ಣ, ಈಗ ಏನು ಮಾಡಿಸ್ತಿದ್ದಾರೆ ನಮ್ಮಮ್ಮನ ಕೈಲಿ?”

ಹೇಳಲೋ ಬೇಡವೋ ಎಂದು ಅವನು ತಡವರಿಸಿದ. “ಕೈಯಲ್ಲಿ ಮಗು ಎತ್ಕೊಂಡು ಓಡಾಡ್ತಾಳಂತೆ.”

“ಯಾರ ಮಗು?”

ಅವಳ ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಮಾತ್ರ, ಅಂದು ವಾರ್ಡಿನ ಹೊರಗೆ ನಿಂತ ಮಗುವಿನ ಹಾಗೆ, ಕಿಟಕಿಯ ಸರಳು ಹಿಡಿದು, ಅವನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು.