ಆಯಿ ಎಣಿಸಿದ ಸುಂಟರಗಾಳಿಗಳು

ಆಗುವುದೇ ಇಲ್ಲ ಎಂದು ನನಗೆ ಹೇಳಿದವರು ಇಬ್ಬರು. ಒಬ್ಬ ನನ್ನ ಸೋದರಮಾವ ಭೀಮಣ್ಣ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಜನರನ್ನು ಪುಣೆಗೆ ಕರೆತರುತ್ತಿದ್ದ ಮುಕಾದಮ. ‘ಪತ್ರಾ ಮನ್ಯಾಗ ಹುಟ್ಟಿದವರಿಗಿ ಡಿಗ್ರಿ ಎಲ್ಲಿಂದ ಬರ್ತದ? ಸಿಮೆಂಟ್ ಚೀಲದ ಜೋಡಿ ಪುಕ್ಕಟೆ ಕೊಡ್ತಾರೇನು?’ ಎಂದು ಎಲ್ಲರೆದುರು ನಕ್ಕಿದ್ದ. ಇನ್ನೊಬ್ಬರು ಕಾಲೇಜಿನ ಭೂಗೋಳದ ಸರ್. ಪುಣೆಯ ಸುತ್ತ ಸುಂಟರಗಾಳಿ ಎಲ್ಲೆಲ್ಲಿ, ಎಷ್ಟು ಸಲ ಬರುತ್ತದೆ ಎಂಬುದನ್ನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡಾಗ, ಇಲ್ಲಿ ಅದು ಬರುವುದೇ ಇಲ್ಲ, ದಾಖಲೆಯಲ್ಲೂ ಇಲ್ಲ, ಬೇರೆ ವಿಷಯ ನೋಡು ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದ್ದರು. ಇಬ್ಬರ ಮಾತೂ ಸುಳ್ಳಾಯಿತು. ಅದಕ್ಕೆ ಕಾರಣ ನನ್ನ ಜಾಣತನವಲ್ಲ, ನಮ್ಮ ಮನೆಯ ಮಾಡು.

ಈಗಲೂ ಪುಣೆಯ ನಿಗಡಿಯಲ್ಲಿ ರಸ್ತೆಗೆ ಡಾಂಬರು ಕಾಯಿಸುತ್ತಿದ್ದರೆ ಎಲ್ಲರೂ ಮೂಗು ಮುಚ್ಚಿಕೊಂಡು ಹೋಗುತ್ತಾರೆ, ನಾನು ನಿಂತು ಒಮ್ಮೆ ಉಸಿರೆಳೆದುಕೊಳ್ಳುತ್ತೇನೆ. ನನಗದು ಬೇಸಿಗೆ ಮುಗಿಯುವ ಕಾಲದ ವಾಸನೆ, ಆಯಿಯ ಬೆರಳಿನ ವಾಸನೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ನಮಗಿದ್ದದ್ದು ಹನ್ನೆರಡು ಪತ್ರಾಗಳ, ಅಂದರೆ ತಗಡುಗಳ ಮನೆ. ಒಂದು ಸೈಟಿನ ಕೆಲಸ ಮುಗಿದರೆ ಬಿಚ್ಚಿ ಟೆಂಪೋಕ್ಕೆ ಹಾಕುವುದು, ಮುಂದಿನ ಸೈಟಿನಲ್ಲಿ ಮತ್ತೆ ಮೊಳೆ ಹೊಡೆದು ನಿಲ್ಲಿಸುವುದು. ಹೊಡೆಯುವಾಗ ಆಯಿಯದೊಂದು ಕಟ್ಟಳೆ: ಪತ್ರಾಗಳ ಸಾಲು ತಪ್ಪಬಾರದು, ಒಳಮೈ ಹೊರಮೈ ಅದಲುಬದಲಾಗಬಾರದು. ಅದಕ್ಕೆಂದೇ ಒಂದೊಂದಕ್ಕೂ ಸುಣ್ಣದ ಗೆರೆ ಎಳೆದಿದ್ದಳು. ‘ಬೀಗರ ಪಂಕ್ತಿ ಕುಂದ್ರಿಸಿದಂಗ ಕುಂದ್ರಿಸ್ತೀ ಅತ್ತಿ’ ಎಂದು ಅವ್ವ ರೇಗಿಸುತ್ತಿದ್ದಳು. ಗಾಳಿ ಎದ್ದು ಪತ್ರಾ ಹಾರಿದರೆ ತಂದು ಅದರ ಜಾಗದಲ್ಲೇ ಇಟ್ಟು ಹೊಸ ತೂತು ಮಾಡಿ ಮೊಳೆ ಹೊಡೆಯಬೇಕು, ಹಳೆಯ ತೂತಿಗೆ ಡಾಂಬರಿನಲ್ಲಿ ಅದ್ದಿದ ಚಿಂದಿ ತುರುಕಬೇಕು. ಆ ವರ್ಷ ಹರಿದ ಸೀರೆ ಯಾವುದೋ ಅದರ ಚಿಂದಿ. ನೀವೂ ಪತ್ರಾದ ಕೆಳಗೆ ಬೆಳೆದವರಾದರೆ ಗೊತ್ತಿರುತ್ತದೆ, ಮಧ್ಯಾಹ್ನದ ಧಗೆಯಲ್ಲಿ ನೆಲಕ್ಕೆ ನೀರು ಚಿಮುಕಿಸಿ ಅಂಗಾತ ಮಲಗಿದರೆ ನೋಡಲು ಇರುವುದು ಮಾಡೊಂದೇ. ಹಸಿರು ಚಿಂದಿ ನಿಗಡಿಯದು, ಕೆಂಪು ರಾಂಜಣಗಾಂವದ್ದು, ಹಳದಿ ಮಾರ್ಕೆಟ್ ಯಾರ್ಡಿನ ಹಿಂದಿನ ಸೈಟಿನದು ಎಂದು ಆಯಿ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ನನಗೆ ನಿದ್ದೆ ಹತ್ತುತ್ತಿತ್ತು.

ಆ ತೂತುಗಳನ್ನೇ ಎಣಿಸಿ ಪ್ರಾಜೆಕ್ಟ್ ಬರೆದೆ. ಸರ್ ನೋಡಿ, ಇಷ್ಟೊಂದು ಸುಂಟರಗಾಳಿ ಬಂದಿದ್ದರೆ ಪುಣೆಯೇ ಉಳಿಯುತ್ತಿರಲಿಲ್ಲ ಎಂದು ನಕ್ಕು ವಾಪಸು ಕೊಟ್ಟರು. ವಾರದೊಳಗೆ ಸರಿ ಮಾಡದಿದ್ದರೆ ನನ್ನ ವರ್ಷ ಹೋಗುತ್ತಿತ್ತು. ಹೋದರೆ ಮತ್ತೊಂದು ವರ್ಷ ಕಾಲೇಜಿಲ್ಲ, ರಾಂಜಣಗಾಂವದ ಫ್ಯಾಕ್ಟರಿಯೊಂದರಲ್ಲಿ ಮಾವ ನನಗೆ ಪ್ಯಾಕಿಂಗ್ ಕೆಲಸ ಗೊತ್ತುಮಾಡಿಟ್ಟಿದ್ದ. ಮನೆಗೆ ಬಂದು ಹಾಳೆಗಳನ್ನು ಮೂಲೆಗೆ ಎಸೆದೆ. ರೊಟ್ಟಿ ಬಡಿಯುತ್ತಿದ್ದ ಆಯಿ ಏನಾಯಿತೆಂದು ಕೇಳಿ ತಿಳಿದು ಕೈ ನಿಲ್ಲಿಸಿದಳು.

‘ಎಲ್ಲಾ ತೂತೂ ಎಣಿಸ್ದೇನು? ಹುಚ್ಚಿ, ದುಂಡಗ ಇದ್ದದ್ದು ನಾವು ಮನಿ ಬಿಚ್ಚಿದಾಗಿಂದು. ಗಾಳಿ ಕಿತ್ತಿದ್ದು ಉದ್ದಕ ಹರೀತದ.’

‘ಉದ್ದಕ ಇದ್ದವೂ ಭಾಳ ಅವ ಆಯಿ.’

‘ಅದ್ರಾಗೂ ನೋಡು. ಬರೇ ಬಿರುಗಾಳಿ ಆದ್ರ ಎಲ್ಲಾ ಒಂದೇ ಕಡಿ ಹರೀತಾವ, ಕುರಿ ಹಿಂಡು ಹೊಂಟಂಗ. ಸುಂಟರಗಾಳಿ ಆದ್ರ ಒಂದೊಂದು ಪತ್ರಾ ಒಂದೊಂದು ದಿಕ್ಕಿಗಿ.’

ಸಾಲು ತಪ್ಪಿಸದೆ ಇಟ್ಟದ್ದರಿಂದ ಹನ್ನೆರಡು ಪತ್ರಾಗಳೂ ಒಟ್ಟಿಗೆ ಆ ದಿಕ್ಕನ್ನು ಹೇಳುತ್ತಿದ್ದವು. ಮತ್ತೆ ಎಣಿಸಿದೆ. ಸುಂಟರಗಾಳಿ ಕಿತ್ತದ್ದು ಮೂರೇ ಸಲ. ಎರಡು ರಾಂಜಣಗಾಂವದ ಬಯಲಿನಲ್ಲಿ, ಒಂದು ನಿಗಡಿಯಲ್ಲಿ, ಆಯಿಯ ನೆನಪಿನ ಪ್ರಕಾರ ಮೂರೂ ಮಳೆಗಾಲ ಹಿಡಿಯುವ ಮೊದಲು, ಮೋಡ ಕವಿದ ಮಧ್ಯಾಹ್ನಗಳಲ್ಲಿ. ಮಾರ್ಕೆಟ್ ಯಾರ್ಡಿನದು ನೆಟ್ಟಗೆ ಬೀಸಿದ ಬಿರುಗಾಳಿ. ಸರ್ ನಂಬಲಿಲ್ಲ, ಆದರೆ ನೋಡಲು ಬಂದರು. ಕತ್ತೆತ್ತಿ ನಿಂತವರಿಗೆ ಆಯಿ ಕೌದಿ ಹಾಸಿ, ‘ಮಲಕೋರಿ ಸರ್, ನಿಂತ್ರ ಕಾಣಂಗಿಲ್ಲ’ ಎಂದಳು. ಅದನ್ನೇ ನಾನು ಮರಾಠಿಯಲ್ಲಿ ಹೇಳಿದೆ. ಇಸ್ತ್ರಿ ಮಾಡಿದ ಅಂಗಿಯ ಆ ಮನುಷ್ಯ ನಮ್ಮ ನೆಲದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಮೇಲೆ ನೋಡಿದರು. ಎದ್ದು, ನೋಡುವವರಿಲ್ಲದ ಕಡೆ ಬಂದ ಗಾಳಿ ದಾಖಲೆಗೆ ಬರುವುದಿಲ್ಲ, ಇದನ್ನೇ ಮೊದಲ ಸಾಲು ಮಾಡು ಎಂದರು. ಹಾಗೆಯೇ ಮಾಡಿದೆ. ಪ್ರಾಜೆಕ್ಟ್ ಪಾಸಾಯಿತು, ಅದರ ಜೊತೆ ನಾನೂ.

ಸರ್ ಬಂದು ಮಲಗಿ ನೋಡಿದ ಆ ಸೈಟು ಈಗ ಎತ್ತರದ ಕಟ್ಟಡ. ನಾವು ಮಲಗುತ್ತಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಸ್ಲ್ಯಾಬಿನ ಬಾಡಿಗೆ ಮನೆಗೆ ಬಂದಾಗ ಪತ್ರಾಗಳನ್ನು ಗುಜರಿಯವನು ಒಯ್ದ, ನಾನೂ ತಡೆಯಲಿಲ್ಲ. ಬುದ್ಧಿ ಆಮೇಲೆ ಬಂತು. ಆ ಚಳಿಗಾಲ ಆಯಿ ಹೋದಳು, ನಾಲ್ಕು ದಿನದ ಜ್ವರ ಅಷ್ಟೆ.

ಪದವಿ ಪ್ರದಾನ ಆದದ್ದು ಅದರ ಮರುತಿಂಗಳು. ಸಂಜೆ ಅವ್ವ ಕೆಲಸದಿಂದ ಬರುವವರೆಗೆ ಸರ್ಟಿಫಿಕೇಟನ್ನು ಯಾರಿಗೂ ತೋರಿಸಲಿಲ್ಲ. ಅವಳು ಕೈಗೆ ಎರಡು ಸಲ ಸಾಬೂನು ಹಚ್ಚಿ, ಸೆರಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡಳು. ಓದು ಬರದವಳು, ಆದರೂ ಮೇಲಿಂದ ಕೆಳಗೆ ಪೂರ್ತಿ ನೋಡಿದಳು. ಆಮೇಲೆ ನನ್ನ ಕಡೆ ಹಿಡಿದು, ಓದಿ ಹೇಳು ಎಂದಳು. ನಾನು ನನ್ನ ಹೆಸರಿನಿಂದ ಶುರು ಮಾಡಿದೆ.

‘ಗಟ್ಟಿಯಾಗಿ ಓದವ್ವಾ,’ ಎಂದಳು ಅವ್ವ. ‘ಸಣ್ಣಗ ಓದಿದ್ರ ಆಯಿಗಿ ಕೇಳಸಂಗಿಲ್ಲ.’