ಬಾವಿಯ ಮುಂದಿನವರು, ಹಿಂದಿನವರು

ಹಾವೇರಿಯ ಮಂಗಳಾಗೌರಿ ಆಂಧ್ರದ ಗಾಜುವಾಕಕ್ಕೆ ಬಂದದ್ದು ಗಂಡ ಇಂದುಧರನಿಗೆ ಅಲ್ಲಿಯ ಬ್ಯಾಂಕಿಗೆ ವರ್ಗವಾದಾಗ, 1986ರಲ್ಲಿ. ಅವರು ಹಿಡಿದ ವಠಾರದಲ್ಲಿ ಬೀದಿಗೆ ಮುಖ ಮಾಡಿ ಒಂದು ಸಾಲು ಮನೆ, ಅದರ ಬೆನ್ನಿಗೆ ಇನ್ನೊಂದು ಸಾಲು, ನಡುವೆ ಬಾವಿ. ಮಂಗಳಾಗೌರಿಯದು ಮುಂದಿನ ಸಾಲು. ಅವಳಿಗೆ ತೆಲುಗು ಕಲಿಸಿದವಳು ಹಿಂದಿನ ಸಾಲಿನ ಕನಕದುರ್ಗ. ಮಧ್ಯಾಹ್ನವಾದರೆ ಇಬ್ಬರೂ ಒಂದೇ ಮೊರದಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದರು.

ಮರುಬೇಸಿಗೆಗೆ ಬಾವಿಯ ತಳ ಕಂಡಿತು. ಮನೆಯೊಡತಿ ಅನ್ನಪೂರ್ಣಮ್ಮ, ಮುಂದಿನವರು ಬೆಳಿಗ್ಗೆ ಸೇದಲಿ, ಹಿಂದಿನವರು ಸಂಜೆ ಸೇದಲಿ ಎಂದು ಕಟ್ಟು ಮಾಡಿದರು. ಅದರಲ್ಲಿ ಮೋಸವೇನಿರಲಿಲ್ಲ. ಆದರೂ ತಿಂಗಳೊಳಗೆ ವಠಾರ ಎರಡು ಊರಾಯಿತು. ಸಿಂಹಾಚಲದ ಗುಡಿಗೆ ಒಟ್ಟಿಗೆ ಹೋಗುತ್ತಿದ್ದ ಹೆಂಗಸರು ಬೇರೆ ಬೇರೆ ಬಸ್ಸು ಹತ್ತಿದರು.

ಒಂದು ಬೆಳಿಗ್ಗೆ ಹಗ್ಗ ತುಂಡಾಗಿ ಕೊಡ ಬಾವಿಗೆ ಬಿತ್ತು.

"ಈ ವೆನಕವಾಳ್ಳೇ ಹಿಂಗ. ಹಗ್ಗ ಕೊಯ್ದಿಟ್ಟಾರ," ಎಂದು ಗಂಡನ ಮುಂದೆ ಸಿಡುಕಿದ ಮಂಗಳಾಗೌರಿ ತನ್ನ ಮಾತಿಗೆ ತಾನೇ ಬೆಚ್ಚಿದಳು. ವೆನಕವಾಳ್ಳು, ಹಿಂದಿನವರು, ಎಂದರೆ ಯಾರು? ಕನಕದುರ್ಗ ಹಗ್ಗ ಕೊಯ್ಯುವವಳೆ?

"ಅಲ್ರೀ, ಹಿಂದಿನ ಸಾಲಿನ್ಯಾಗ ಒಂದ್ ಮನಿ ಖಾಲಿ ಐತಿ. ಅಲ್ಲಿಗೆ ಹೋಗೂಣು."

"ತಲಿ ಕೆಟ್ಟೈತೇನ ನಿನಗ?"

"ಅಲ್ಲಿಂದ ನಾವು ಹೆಂಗ ಕಾಣ್ತೀವಿ, ಅದನ್ನ ನೋಡಬೇಕಾಗೈತಿ."

ಇಂದುಧರ ನಕ್ಕ. ಹಿಂದುಗಡೆ ಗಾಳಿಯಾದರೂ ಬಂದೀತು ಎಂದು ಒಪ್ಪಿದ.

ಸಾಮಾನು ಸಾಗಿಸಿದ ದಿನವೇ, ದಿನಾ ಕರಿಬೇವು ತಂದುಕೊಡುತ್ತಿದ್ದ ಮುಂದಿನ ಸಾಲಿನ ಕೋಟೇಶ್ವರಮ್ಮ ಮುಖ ತಿರುವಿದಳು. ಹಿಂದಿನ ಹೆಂಗಸರು ಇವಳ ನೆರಳು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಬರಬರುತ್ತ ಅವರ ನಾಲಿಗೆ ಸಡಿಲವಾಯಿತು. "ನಮ್ಮ ಮೇಲೆ ಹಾಕಬೇಕಂತ ಮುಂದಿನವರೇ ಹಗ್ಗ ಕೊಯ್ದರು," ಎಂದಳು ಕನಕದುರ್ಗ. ಮುಂದಿನ ಸಾಲಿನಲ್ಲಿ ಕಂಡದ್ದೇ ಇಲ್ಲಿಯೂ: ಅದೇ ಹಗ್ಗ, ಅದೇ ನಂಬಿಕೆ, ಕೈಯಲ್ಲಿ ಕತ್ತರಿಸಿ ತೋರಿಸಿದ ಬಗೆಯೂ ಅದೇ.

ಮಂಗಳಾಗೌರಿ ತುಂಡಾದ ಹಗ್ಗದ ತುದಿ ಹಿಡಿದು ಎರಡೂ ಸಾಲಿನವರಿಗೆ ತೋರಿಸುತ್ತ ತಿರುಗಿದಳು. ಅದು ಕೊಯ್ದದ್ದಲ್ಲ, ರಾಟೆಗೆ ಉಜ್ಜಿ ಉಜ್ಜಿ ಸವೆದದ್ದು. "ನೀನೀಗ ಅವರ ಕಡೆಯವಳಲ್ವಾ," ಎಂದಳು ಕೋಟೇಶ್ವರಮ್ಮ. "ನಿನಗೆ ಮುಂದಿನವರ ಉಪ್ಪಿನ ಋಣ ಇನ್ನೂ ಇದೆ," ಎಂದರು ಹಿಂದಿನವರು.

ಸಾಕ್ಷಿ ಕೆಲಸಕ್ಕೆ ಬಾರದು ಎಂದು ತಿಳಿದ ಮೇಲೆ ಅವಳು ವಾದ ಬಿಟ್ಟಳು. ಅನ್ನಪೂರ್ಣಮ್ಮನ ಬಳಿ ಹೋಗಿ, "ಹೊತ್ತಿನ ಕಟ್ಟು ತೆಗೀರಿ ಅಮ್ಮಾ, ಮನೆಗಿಷ್ಟು ಕೊಡ ಅಂತ ಇಡಿ, ಯಾವಾಗ ಬೇಕಾದರೂ ಸೇದಲಿ," ಎಂದಳು.

"ಹೊಡೆದಾಡಿ ಸಾಯ್ತಾರೆ!"

"ನೋಡೋಣ ಅಮ್ಮಾ."

ಕಟ್ಟು ತೆಗೆದ ಮೊದಲ ದಿನ ಬಾವಿಕಟ್ಟೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆದರೆ ಆಳದ ಬಾವಿ, ತುಂಬಿದ ಕೊಡ. ಪಕ್ಕದಲ್ಲಿ ಯಾವ ಸಾಲಿನವರು ನಿಂತಿದ್ದರೋ, ಹಗ್ಗಕ್ಕೆ ಅವರೇ ಕೈ ಹಾಕಬೇಕಾಯಿತು. ಕೈ ಹಾಕಿದವರು ಹುಷಾರು ಎನ್ನಬೇಕಾಯಿತು. ಮಳೆ ಹಿಡಿಯುವ ಹೊತ್ತಿಗೆ ಕೋಟೇಶ್ವರಮ್ಮ ಕನಕದುರ್ಗಳ ಮನೆಯಲ್ಲಿ ಗೋಂಗೂರ ಪಚ್ಚಡಿ ಚಪ್ಪರಿಸುತ್ತಿದ್ದಳು.

"ನಿಮ್ಮಿಬ್ಬರ ಜಗಳ ಏನಾಯ್ತು?" ಮಂಗಳಾಗೌರಿ ಕೇಳಿದಳು.

"ಜಗಳವಾ? ಯಾರಿಗೆ?" ಎಂದಳು ಕೋಟೇಶ್ವರಮ್ಮ, ನಿಜಕ್ಕೂ ಅಚ್ಚರಿಯಿಂದ. ಜಗಳಕ್ಕಿಂತ ಈ ಮರೆವೇ ಮಂಗಳಾಗೌರಿಗೆ ದೊಡ್ಡ ಒಗಟಾಯಿತು.

ಕೆಲವು ವರ್ಷಗಳಲ್ಲಿ ಇಂದುಧರನಿಗೆ ವಿಜಯವಾಡಕ್ಕೆ ವರ್ಗವಾಯಿತು. ಹೊಸ ಮನೆಗೆ ಮಜ್ಜಿಗೆ ತಂದ ಪಕ್ಕದ ಮನೆಯ ಭ್ರಮರಾಂಬ ದನಿ ತಗ್ಗಿಸಿ, "ಮಹಡಿಯವರ ಹತ್ತಿರ ಹುಷಾರಾಗಿರಿ, ಒಳ್ಳೆಯವರಲ್ಲ," ಎಂದಳು.

"ಹೌದಾ? ಯಾರು? ಹೆಸರೇನು?"

ಭ್ರಮರಾಂಬ ಬಾಯಿ ತೆರೆದಳು, ಯೋಚಿಸಿದಳು. ಹೆಸರು ಗೊತ್ತಿರಲಿಲ್ಲ.

"ಬನ್ನಿ, ಕೇಳಿಕೊಂಡು ಬರೋಣ," ಎಂದು ಮಂಗಳಾಗೌರಿ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿದಳು.