ಹುಣಸೆ ಬೀಜದ ನೀರು

ಟೂರ್ನಮೆಂಟಿನ ಭಾನುವಾರ ಮುನಿಯಪ್ಪನವರು ಚಪ್ಪಲಿ ಹಾಕುತ್ತಿರಲಿಲ್ಲ. ಬೆಳಗಿನ ಮೊದಲ ಆಟ ಮಾತ್ರ ಅವರದು. ಅದನ್ನು ಆಡಿ ಎದ್ದರೆಂದರೆ ಚಪ್ಪಲಿಯನ್ನು ಅಂಗಡಿಯ ಮೆಟ್ಟಿಲ ಪಕ್ಕಕ್ಕೆ ಸರಿಸಿ, ಟವೆಲನ್ನು ಹೆಗಲಿಗೆ ಹಾಕಿ, ಕೈ ಹಿಂದೆ ಕಟ್ಟಿಕೊಂಡು ನಾಲ್ಕು ಮೇಜುಗಳ ನಡುವೆ ಬರಿಗಾಲಲ್ಲಿ ಓಡಾಡಲು ಶುರು ಮಾಡುತ್ತಿದ್ದರು. ಸಂಜೆ ಫೈನಲ್ ಮುಗಿಯುವ ತನಕ ಕೂರುವ ಮಾತೇ ಇಲ್ಲ. ವಯಸ್ಸು ಅರವತ್ತಾರು. ಒಂದು ಸಲ ನಾನೇ ಮನಸ್ಸು ತಡೆಯದೆ ಸ್ಟೂಲು ಎಳೆದು ಕೊಟ್ಟೆ. ಅದನ್ನು ಕಾಲಿನಲ್ಲೇ ಹಿಂದಕ್ಕೆ ತಳ್ಳಿ, "ನೀರು ಬಿಡೋ ಹೊತ್ನಲ್ಲಿ ನಮ್ಮಪ್ಪ ಕೂತಿದ್ದು ನಾನ್ ನೋಡೇ ಇಲ್ಲಮ್ಮಾ," ಎಂದರು.

ಅವರದು ನೀರುಗಂಟಿ ಮನೆತನ. ಹೋಳೂರಿನ ಕಡೆಯ ಹಳ್ಳಿಯೊಂದರಲ್ಲಿ ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಅವರ ಅಪ್ಪನ ಕೆಲಸವಾಗಿತ್ತು. ಹರೆಯದಲ್ಲಿ ಮುನಿಯಪ್ಪನವರೂ ಅಪ್ಪನ ಹಿಂದೆ ಬದುವಿನ ಮೇಲೆ ಓಡಾಡಿದವರೇ. ಆಮೇಲೆ ಕೋಲಾರಕ್ಕೆ ಬಂದು ಕ್ಲಾಕ್ ಟವರ್ ಹತ್ತಿರ ಒಂದು ಸ್ಟೇಷನರಿ ಅಂಗಡಿ ಇಟ್ಟರು. ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಒಂದು ಜೆರಾಕ್ಸ್ ಮೆಷೀನು. ನಾನು ಎರಡು ಅಂಗಡಿ ಆಚೆಗಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್. ರಿಪೋರ್ಟುಗಳ ಜೆರಾಕ್ಸಿಗೆ ದಿನಕ್ಕೆ ನಾಲ್ಕು ಸಲವಾದರೂ ಅಲ್ಲಿಗೆ ಹೋಗುತ್ತಿದ್ದೆ.

ಹಾಗೆ ಹೋದ ಒಂದು ಮಧ್ಯಾಹ್ನ ಅವರು ಬಣ್ಣ ಬಣ್ಣದ ಡಬ್ಬವೊಂದನ್ನು ಮುಂದಿಟ್ಟುಕೊಂಡು ಕೂತಿದ್ದರು. ನೋಟ್‌ಬುಕ್ ಹಾಕುವ ಸೇಲ್ಸ್‌ಮನ್ ಕೊಟ್ಟುಹೋಗಿದ್ದನಂತೆ. ಒಳಗೆ ಕಟ್ಟು ಕಟ್ಟು ಕಾರ್ಡುಗಳು. ಆನೆ, ಹದ್ದು, ಈಟಿ ಹಿಡಿದ ವೀರರು, ಎರಡು ತಲೆಯ ಹಾವು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ನಿಯಮದ ಪುಸ್ತಕ.

"ಶೈಲಮ್ಮಾ, ಇದೇನೋ ಆಟ ಅಂತೆ. ಓದಿ ಹೇಳಮ್ಮಾ ಒಂಚೂರು," ಎಂದರು.

ಆಟ ಕಷ್ಟದ್ದೇನಲ್ಲ. ಆನೆಯನ್ನೋ ವೀರನನ್ನೋ ಕಣಕ್ಕಿಳಿಸಬೇಕಾದರೆ ನೀರು ಖರ್ಚು ಮಾಡಬೇಕು. ನೀರು ಕೊಡುವುದು ಕೆರೆಯ ಚಿತ್ರವಿರುವ ಕಾರ್ಡು. ನಿಮ್ಮ ಮುಂದೆ ಮೂರು ಕೆರೆಗಳಿದ್ದರೆ ಪ್ರತಿ ಸರದಿಗೆ ಮೂರು ನೀರು. ಲೆಕ್ಕಕ್ಕೆ ಇರಲೆಂದು ಮುನಿಯಪ್ಪನವರು ಒಳಗಿನಿಂದ ಒಂದು ಹಿಡಿ ಹುಣಸೆ ಬೀಜ ತಂದರು. ಒಂದು ಬೀಜ ಎಂದರೆ ಒಂದು ನೀರು. ಕೆರೆ ಎಂಬ ಮಾತು ಬಂದಿದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು. ಇನ್ನು ಈ ಆಟ ತಮ್ಮದೇ ಎಂದು ಆ ಕ್ಷಣದಲ್ಲೇ ತೀರ್ಮಾನಿಸಿಬಿಟ್ಟರು ಎಂದು ಕಾಣುತ್ತದೆ.

ಮೂರನೆಯ ಪುಟದಲ್ಲಿ ಒಂದು ಸಾಲು ಬಂತು. ಸರದಿ ಮುಗಿದಾಗ ಖರ್ಚಾಗದೆ ಉಳಿದ ನೀರು ಹೋಗುತ್ತದೆ, ಮುಂದಿನ ಸರದಿಗೆ ಇರುವುದಿಲ್ಲ. ಓದಿ ಹೇಳಿದೆ.

"ಹೋಗ್ತದೆ ಅಂದ್ರೆ? ಎಲ್ಲೋಗ್ತದೆ?" ಎಂದು ಕೇಳಿದರು.

"ಅಷ್ಟೇ ಬರೆದಿದೆ ಸಾರ್."

"ತೂಬು ಮುಚ್ಚಿದ್ ಮೇಲೆ ನೀರು ಕೆರೇಲೇ ಕದಮ್ಮಾ ಇರೋದು? ಇದನ್ನ ಬರ್ದೋನು ಕೆರೇನೇ ನೋಡಿಲ್ಲ. ನೀನು ಮುಂದಕ್ಕೆ ಓದು," ಎಂದರು, 'ಅಲ್ವಾ' ಎನ್ನುವ ಕಡೆಯೆಲ್ಲ ತೆಲುಗಿನ 'ಕದಾ' ಸೇರಿಸುವ ತಮ್ಮ ವಾಡಿಕೆಯಲ್ಲಿ.

ಸಾಲು ಸ್ಪಷ್ಟವಾಗಿತ್ತು. ನನಗೆ ಅರ್ಥವೂ ಆಗಿತ್ತು. ಆದರೆ ಹಿರಿಯರು, ಅವರ ಅಂಗಡಿ, ಅವರ ಬೀಜ. ನನಗೇಕೆ ಎಂದುಕೊಂಡು ಸುಮ್ಮನೆ ಮುಂದಕ್ಕೆ ಓದಿದೆ.

ಹೀಗೆ ಕೋಲಾರದಲ್ಲಿ ಆ ಆಟ ಬೇರೆಯೇ ಆಯಿತು. ಜಗತ್ತೆಲ್ಲ ಒಂದು ರೀತಿ ಆಡಿದರೆ ನಮ್ಮ ಅಂಗಡಿಯಲ್ಲಿ ಉಳಿದ ನೀರು ಕೆರೆಯಲ್ಲೇ ನಿಲ್ಲುತ್ತಿತ್ತು. ತಿಂಗಳಿಗೊಂದು ಭಾನುವಾರ ಟೂರ್ನಮೆಂಟು. ಟೇಕಲ್‌ನಿಂದ ರೈಲಿನಲ್ಲಿ ಬರುವವರು, ತಾಯಲೂರಿನಿಂದ ಬೈಕಿನಲ್ಲಿ ಬರುವವರು, ಹದಿನಾರು ಜನ ಸೇರಿದರೆ ಜಾತ್ರೆ. ಎಲ್ಲರೂ ಮೊದಲ ಅರ್ಧ ಆಟ ಏನೂ ಮಾಡದೆ ಬೀಜ ಗುಡ್ಡೆ ಹಾಕುತ್ತಾ ಕೂರುತ್ತಿದ್ದೆವು. ಗೆದ್ದವರಿಗೆ ಬಹುಮಾನ ಒಂದು ಹಿತ್ತಾಳೆ ಚೊಂಬು. ಅದನ್ನು ಮನೆಯಲ್ಲಿಟ್ಟುಕೊಂಡು ಮುಂದಿನ ತಿಂಗಳು ತೊಳೆದು ತರಬೇಕು. "ಹುಳಿ ಹಾಕಿ ತೊಳೀರಿ, ಸೋಪಲ್ಲಲ್ಲ," ಎಂದು ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದರು.

ಭಾನುವಾರ ಕಾರ್ಡು ಆಡಲು ಹೋಗುತ್ತೇನೆ ಎಂದಾಗ ನಮ್ಮಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಅವಳಿಗೆ ಕಾರ್ಡು ಎಂದರೆ ಇಸ್ಪೀಟು. ಅವಳೊಬ್ಬಳಿಗೇ ಅಲ್ಲ. ಎರಡನೆಯ ಟೂರ್ನಮೆಂಟಿನ ದಿನ ಹೆಡ್ ಕಾನ್‌ಸ್ಟೇಬಲ್ ರಾಮಕೃಷ್ಣಪ್ಪನವರು ಯೂನಿಫಾರ್ಮಿನಲ್ಲೇ ಒಳಗೆ ಬಂದು, "ಏನಯ್ಯಾ ಮುನಿಯಪ್ಪಾ, ಹಗಲೊತ್ತಲ್ಲೇ ಎಲೆ ಹಾಕ್ತಾ ಇದ್ದೀಯಾ?" ಎಂದು ಗುಡುಗಿದರು. ಮಾಲೂರಿನ ಇಬ್ಬರು ಆಗಲೇ ಹಿಂಬಾಗಿಲು ಹುಡುಕುತ್ತಿದ್ದರು. ಮುನಿಯಪ್ಪನವರು ಮಾತ್ರ ಅಲುಗಲಿಲ್ಲ.

"ಕೂತ್ಕೊಳ್ಳಿ ಸಾಮೀ. ಒಂದಾಟ ಆಡಿ. ಇದು ಜೂಜು ಅನ್ನಿಸಿದ್ರೆ ಮೊದ್ಲು ನನ್ನೇ ಕರ್ಕೊಂಡೋಗಿ," ಎಂದರು.

ರಾಮಕೃಷ್ಣಪ್ಪನವರು ಟೋಪಿ ತೆಗೆದು ಮೇಜಿನ ಮೇಲಿಟ್ಟು ಒಂದು ಆಟ ಆಡಿದರು, ಸೋತರು. ಇನ್ನೊಂದು ಆಡಿದರು, ಮತ್ತೆ ಸೋತರು. ಮುಂದಿನ ತಿಂಗಳು ಮಫ್ತಿಯಲ್ಲಿ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಅಂದಿನಿಂದ ಅವರೂ ನಮ್ಮ ಹದಿನಾರರಲ್ಲಿ ಒಬ್ಬರು. ಸೋತರೆ ಇಡೀ ಅಂಗಡಿಯನ್ನು ದುರುಗುಟ್ಟಿ ನೋಡುತ್ತಿದ್ದರು ಎಂಬುದೊಂದೇ ತೊಂದರೆ.

ಒಂದು ವರ್ಷವಾದರೂ ಚೊಂಬು ನನಗೆ ಸಿಕ್ಕಿರಲಿಲ್ಲ. ಎರಡು ಸಲ ಸೆಮಿಫೈನಲ್‌ನಲ್ಲಿ ಸೋತಿದ್ದೆ. ಅದು ನಮ್ಮ ಮನೆಯ ಶೋಕೇಸಿನಲ್ಲಿ ಕೂರಬೇಕು, ನಮ್ಮಮ್ಮ ಅದನ್ನು ದಿನಾ ನೋಡಬೇಕು ಎಂಬ ಹಟ ನನಗೆ. ವರ್ಷ ತುಂಬಿದ ಟೂರ್ನಮೆಂಟಿನಲ್ಲಿ ಕೊನೆಗೂ ಫೈನಲ್ ತಲುಪಿದೆ. ಎದುರಿಗೆ ಕಾರ್ತಿಕ್ ಎಂಬ ಹೊಸಬ. ಮಾಲೂರಿನ ಫ್ಯಾಕ್ಟರಿಯೊಂದಕ್ಕೆ ಕೆಲಸಕ್ಕೆ ಬಂದವನು, ಬೇರೆ ಊರುಗಳಲ್ಲಿ ಈ ಆಟವನ್ನು ಆಡಿ ಪಳಗಿದವನು. ಸಿಕ್ಕ ನೀರನ್ನೆಲ್ಲ ಆಗಲೇ ಸುರಿದು ಚಿಕ್ಕ ಚಿಕ್ಕ ಪ್ರಾಣಿಗಳನ್ನು ಬಿಡುವುದು ಅವನ ವರಸೆ. ಅವನ ಕೈಗೆ ಸಿಕ್ಕ ನಮ್ಮವರಿಗೆ ನೀರು ಉಳಿಸಲು ಪುರುಸೊತ್ತೇ ಕೊಟ್ಟಿರಲಿಲ್ಲ. ಎಲ್ಲರನ್ನೂ ಹತ್ತು ನಿಮಿಷದಲ್ಲಿ ಎಬ್ಬಿಸಿ ಕಳಿಸಿದ್ದ.

ನಾನು ತಡೆದುಕೊಂಡೆ. ನನ್ನ ಮುಂದೆ ಮೂರು ಕೆರೆ. ಎರಡು ಸರದಿ ಪೆಟ್ಟು ತಿನ್ನುತ್ತಾ ಆರು ಬೀಜ ಉಳಿಸಿದೆ. ಮೂರನೆಯ ಸರದಿಗೆ ಇನ್ನು ಮೂರು ಬಂದವು. ಒಟ್ಟು ಒಂಬತ್ತು. ಕೈಯಲ್ಲಿ ಒಂಬತ್ತು ನೀರಿನ ಆನೆ ಇತ್ತು. ಅದು ಇಳಿದರೆ ಆಟ ಮುಗಿಯಿತು, ಚೊಂಬು ನನ್ನದು. ಆನೆಯನ್ನು ಮೇಜಿನ ಮೇಲೆ ಕುಕ್ಕಿದೆ.

ಕಾರ್ತಿಕ್ ಗೌರವದಿಂದಲೇ ಕೇಳಿದ. "ಮೇಡಂ, ಇದಕ್ಕೆ ಒಂಬತ್ತು ನೀರು ಬೇಕಲ್ವಾ? ನಿಮ್ಮತ್ರ ಇರೋದು ಮೂರೇ ಕೆರೆ."

"ಹಿಂದಿನ ಆರು ಉಳಿಸಿದ್ದೀನಲ್ಲ."

"ಉಳಿಸೋಕೆ ಬರಲ್ಲ ಮೇಡಂ. ನಾನು ಅವು ಸುಮ್ನೆ ಇಟ್ಟಿರೋ ಬೀಜ ಅಂದ್ಕೊಂಡಿದ್ದೆ."

ಅಂಗಡಿಯಲ್ಲಿ ಗಲಾಟೆ ಎದ್ದಿತು. ನಮ್ಮ ಊರಿಗೆ ಬಂದು ನಮಗೇ ಆಟ ಹೇಳಿಕೊಡುತ್ತೀಯಾ ಎಂದು ರಾಮಕೃಷ್ಣಪ್ಪನವರು ಎದ್ದೇ ನಿಂತರು. ಮುನಿಯಪ್ಪನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಡ್ರಾಯರಿನಿಂದ ಆ ಹಳೆಯ ಪುಸ್ತಕ ತೆಗೆದು ಕಾರ್ತಿಕ್‌ಗೆ ಕೊಟ್ಟರು. ನನಗೆ ಕೊಡಲಿಲ್ಲ. ಅವನು ಮೂರನೆಯ ಪುಟದ ಆ ಸಾಲನ್ನು ಓದಿ ಕನ್ನಡದಲ್ಲಿ ಹೇಳಿದ. "ಇನ್ನೊಂದ್ಸಲ," ಎಂದರು. ಮತ್ತೆ ಹೇಳಿದ.

ಮುನಿಯಪ್ಪನವರು ನನ್ನ ಮೇಜಿನ ಬಳಿ ಬಂದು, ಉಳಿಸಿಟ್ಟಿದ್ದ ಬೀಜಗಳನ್ನು ಒಂದೊಂದಾಗಿ ಎತ್ತಿ ತಮ್ಮ ಟವೆಲಿಗೆ ಹಾಕಿಕೊಂಡರು. ಎಣಿಸುವುದೇನಿದ್ದರೂ ಅವರದು ತೆಲುಗಿನಲ್ಲೇ. "ಒಕಟಿ, ರೆಂಡು, ಮೂಡು, ನಾಲುಗು, ಐದು, ಆರು." ಆಮೇಲೆ ನನ್ನ ಆನೆಯನ್ನೂ ಎತ್ತಿ ನನ್ನ ಕೈಗೆ ವಾಪಸು ಕೊಟ್ಟರು.

"ಇವ್ರು ಹೇಳಿದ್ದು ಸರಿ," ಎಂದರು ಎಲ್ಲರಿಗೂ ಕೇಳುವಂತೆ. "ಒಂದು ವರ್ಷ ನೀರು ತಪ್ಪು ಬಿಟ್ಟಿದ್ದು ನಾನು. ಇವತ್ತಿಂದ ಪುಸ್ತಕದಲ್ಲಿ ಏನೈತೋ ಅದೇ. ನಮ್ಮೂರಲ್ಲಿ ತೂಬು ತಪ್ಪು ತೆಗೆದ್ರೆ ಆ ವರ್ಷ ನೀರುಗಂಟಿ ಗದ್ದೆಗೆ ಕೊನೇ ನೀರು. ಹಂಗಾಗಿ ಬೆಳಗಿನ ಮೊದಲ್ನೇ ಆಟ ಇನ್ಮೇಲೆ ನಂದಲ್ಲ. ಒಂದು ವರ್ಷ ನಾನು ಕೊನೇಲಿ ಆಡ್ತೀನಿ, ಟೈಮ್ ಉಳಿದ್ರೆ."

ಎರಡು ಸರದಿಯಲ್ಲಿ ನಾನು ಸೋತೆ. ಚೊಂಬು ಮಾಲೂರಿಗೆ ಹೋಯಿತು. ನನಗೆ ಕೋಪ ಬಂದಿತ್ತು, ನಿಜ. ಆದರೆ ಮನೆಗೆ ನಡೆಯುವಾಗ ಕೋಪಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಬೇರೆ. ಆ ಸಾಲನ್ನು ವರ್ಷದ ಹಿಂದೆಯೇ ಓದಿದವಳು ನಾನು. ಅಷ್ಟು ಜನರ ಮುಂದೆ ಅವರು ತಪ್ಪನ್ನೆಲ್ಲ ತಮ್ಮ ತಲೆಯ ಮೇಲೆ ಹಾಕಿಕೊಂಡಾಗಲೂ ನಾನು ಬಾಯಿ ಬಿಡಲಿಲ್ಲ.

ಟೈಮ್ ಉಳಿಯುತ್ತಲೇ ಇರಲಿಲ್ಲ. ಫೈನಲ್ ಮುಗಿಯುವ ಹೊತ್ತಿಗೆ ಟೇಕಲ್‌ನವರಿಗೆ ರೈಲು, ಉಳಿದವರಿಗೆ ಬಸ್ಸು. ಮುನಿಯಪ್ಪನವರು ತಮ್ಮ ಕಾರ್ಡಿನ ಕಟ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಬರಿಗಾಲಲ್ಲಿ ಓಡಾಡಿದರೇ ಹೊರತು, ಒಂದು ಆಟವನ್ನೂ ಆಡಲಿಲ್ಲ. ನಾವು ಮಾತ್ರ ಆಟವನ್ನು ಹೊಸದಾಗಿ ಕಲಿತೆವು. ಕೂಡಿಡುವುದು ರಕ್ತದಲ್ಲೇ ಇದ್ದ ನಮಗೆ ಖರ್ಚು ಮಾಡುವುದು ಕಲಿಯಲು ನಾಲ್ಕು ತಿಂಗಳು ಹಿಡಿಯಿತು. ಐದನೆಯ ತಿಂಗಳು ನಾನು ಕಾರ್ತಿಕ್‌ನನ್ನು ಪುಸ್ತಕದ ನಿಯಮದಂತೆಯೇ ಸೋಲಿಸಿ ಚೊಂಬು ತಂದೆ. ನಮ್ಮಮ್ಮ ಅದಕ್ಕೆ ಹುಳಿ ಹಾಕಿ ತಿಕ್ಕಿ ಫಳಫಳ ಮಾಡಿಟ್ಟಳು.

ಆಮೇಲೆ ಮುನಿಯಪ್ಪನವರಿಗೆ ಉಸಿರಾಟದ ತೊಂದರೆ ಶುರುವಾಯಿತು. ಮಗಳು ಸುಜಾತ ಶ್ರೀನಿವಾಸಪುರದ ತಮ್ಮ ಮನೆಗೆ ಕರೆದುಕೊಂಡು ಹೋದರು. ಮಾವಿನ ಕಾಯಿಯ ಲಾರಿಗಳು ರಸ್ತೆ ತುಂಬಾ ಸಾಲು ನಿಂತಿದ್ದ ದಿನಗಳಲ್ಲಿ ನೋಡಲು ಹೋದೆ. ಗೋಡೆಗೆ ದಿಂಬು ಒರಗಿಸಿಕೊಂಡು ಮಂಚದ ಮೇಲೆ ಕೂತಿದ್ದರು. ನನ್ನನ್ನು ನೋಡಿದ್ದೇ, "ಕಾರ್ಡು ತಂದಿದ್ದೀಯಾ? ವರ್ಷ ತುಂಬ್ತು ಕದಮ್ಮಾ," ಎಂದರು. ಆ ವರ್ಷದ ಮಾತನ್ನು ನಾನು ಮರೆತಿದ್ದೆ. ಅವರು ದಿನ ಎಣಿಸಿದ್ದರು.

ಬ್ಯಾಗಿನಲ್ಲಿದ್ದ ಕಾರ್ಡು ಹೊರತೆಗೆದು, ಅಡುಗೆಮನೆಯ ಹುಣಸೆ ಬೀಜ ಇಟ್ಟುಕೊಂಡು ಆಡಿದೆವು. ನಾಲ್ಕನೆಯ ಸರದಿಯಲ್ಲಿ ಅವರ ಮುಂದೆ ಮೂರು ಬೀಜ ಖರ್ಚಾಗದೆ ಉಳಿದವು. "ಆಯ್ತು, ಇನ್ನು ನಿಂದು," ಎಂದರು. ನಾನು ಬೀಜ ನೋಡಿದೆ, ಅವರ ಸೊರಗಿದ ಕೈ ನೋಡಿದೆ. ಇರಲಿ ಬಿಡು ಎಂದುಕೊಂಡು ನನ್ನ ಕಾರ್ಡು ಎತ್ತಲು ಹೋದೆ. ಅವರು ನನ್ನ ಕೈ ಮೇಲೆ ಕೈ ಇಟ್ಟು ತಡೆದರು.

"ನೀನು ನೋಡಿದೆ. ನೋಡಿನೂ ಸುಮ್ನಾದೆ. ಅವತ್ತೂ ಹಿಂಗೇ ಮಾಡ್ದೆ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಮೊದಲ್ನೇ ದಿನಾನೇ ನೀನು ಸರಿಯಾಗಿ ಓದಿದ್ದೆ ಶೈಲಮ್ಮಾ. ನಿನ್ ಬಾಯಿ ಮುಚ್ಚಿಸ್ದೋನು ನಾನು, ಆ ತಪ್ಪು ನಂದು. ಮುಚ್ಕೊಂಡೇ ಇದ್ದಿದ್ದು ನಿಂದು. ನಂದನ್ನ ಎಲ್ರ ಮುಂದೆ ಹೇಳ್ದೆ. ನಿಂದನ್ನ ನಿನ್ನತ್ರ ಬಿಟ್ರೆ ಯಾರತ್ರನೂ ಹೇಳಲ್ಲ. ನಾಳೆ ನಾನಿಲ್ದಾಗ ಅಲ್ಲಿ ನಿಂತ್ಕೊಳ್ಳೋಳು ನೀನು. ಹಿಂಗೆ ಸುಮ್ನಿದ್ರೆ ಆಗಲ್ಲ."

ನನಗೆ ಅಳು ಬಂತು. ಅತ್ತುಬಿಟ್ಟೆ.

"ಅಳೋದು ಆಮೇಲೆ. ಮೊದ್ಲು ಬೀಜ ತೆಗಿ."

ಮೂರನ್ನೂ ತೆಗೆದೆ. ಆ ಆಟ ನಾನೇ ಗೆದ್ದೆ. ಅವರು ಸಂತೋಷದಿಂದ ಸೋತರು ಎಂದು ಬರೆದರೆ ಸುಳ್ಳಾಗುತ್ತದೆ. ಮುಖ ಗಂಟಿಕ್ಕಿಕೊಂಡು, "ಇನ್ನೊಂದ್ ಹಾಕು," ಎಂದರು. ಅದರಲ್ಲಿ ನನ್ನನ್ನು ಸೋಲಿಸಿಯೇ ಕಳಿಸಿದರು. ಮಾವಿನ ಸುಗ್ಗಿ ಮುಗಿಯುವುದರೊಳಗೆ ಸುದ್ದಿ ಬಂತು.

ಅಂಗಡಿಯನ್ನು ಈಗ ಸುಜಾತ ನೋಡಿಕೊಳ್ಳುತ್ತಾರೆ. ಮುನಿಯಪ್ಪನವರು ಹೋದ ಮೇಲಿನ ಮೊದಲ ಟೂರ್ನಮೆಂಟಿನ ದಿನ ಯಾರು ತೀರ್ಪು ಹೇಳಬೇಕು ಎಂದು ಹದಿನೈದು ಜನವೂ ನನ್ನ ಮುಖ ನೋಡಿದರು. ನಾನು ಮೆಟ್ಟಿಲ ಪಕ್ಕದಲ್ಲಿ ಚಪ್ಪಲಿ ಬಿಟ್ಟೆ. ಸಿಮೆಂಟು ನೆಲ ತಣ್ಣಗಿತ್ತು. ಎರಡನೆಯ ಸುತ್ತಿನಲ್ಲಿ ರಾಮಕೃಷ್ಣಪ್ಪನವರು ತಮ್ಮ ಸರದಿ ಮುಗಿಸಿ, ಉಳಿದ ಎರಡು ಬೀಜಗಳನ್ನು ಅಂಗೈಯಡಿ ಸರಿಸಿಕೊಂಡರು. ಎದುರಿಗಿದ್ದ ತಾಯಲೂರಿನವನು ಕಂಡರೂ ಕಾಣದವನಂತೆ ತಲೆ ತಗ್ಗಿಸಿದ. ಪೊಲೀಸಿನವರನ್ನು ಯಾರು ಕೇಳುತ್ತಾರೆ?

"ಸಾರ್, ಆ ಎರಡು ಬೀಜ," ಎಂದೆ.

ಅವರು ದುರುಗುಟ್ಟಿದರು. "ಎಲ್ಲೋಗುತ್ತಮ್ಮಾ ಎರಡು ಬೀಜ? ಇರ್ಲಿ ಬಿಡು. ಮುನಿಯಪ್ಪ ಇದ್ದಿದ್ರೆ ಕೇಳ್ತಿದ್ನಾ?"

ನಾನು ಕೈ ಚಾಚಿ ಅಲ್ಲೇ ನಿಂತೆ. ಇಡೀ ಅಂಗಡಿ ನಮ್ಮಿಬ್ಬರನ್ನೇ ನೋಡುತ್ತಿತ್ತು. ಕೊನೆಗೆ ಅವರು ಅಂಗೈ ಎತ್ತಿದರು.

"ಒಕಟಿ," ಎಂದೆ. "ರೆಂಡು."